8.5 ಲಕ್ಷ ಹಾಕಿ ಮೇಲಿನ ಮನೆ ಹೊಸದು ಮಾಡಿಸಿದರೆ ಆ ಹಣ ವಾಪಸ್ ಬರುತ್ತಾ?

ಪ್ರಶ್ನೆ: ಜಯನಗರ 9ನೇ ಬ್ಲಾಕ್‌ನಲ್ಲಿ ನಮ್ಮ ಸ್ವಂತ ಮನೆ ಇದೆ. ಕೆಳಗೆ ನಾನು, ನಮ್ಮ ಯಜಮಾನರು ಇಬ್ಬರೇ. ಅವರು ನಿವೃತ್ತರು. ಮೇಲಿನ ಎರಡು ಬೆಡ್‌ರೂಮಿನ ಮನೆಯನ್ನು ಮೂರು ವರ್ಷದಿಂದ ಆ್ಯಪ್ ಮೂಲಕ ದಿನದ ಬಾಡಿಗೆಗೆ ಕೊಡುತ್ತಿದ್ದೇವೆ. ಮೊದಲ ವರ್ಷ ತಿಂಗಳಿಗೆ 20–22 ರಾತ್ರಿ ಬುಕ್ ಆಗುತ್ತಿತ್ತು. ಈಗ 15ಕ್ಕೆ ಇಳಿದಿದೆ. ರಾತ್ರಿಗೆ 2,800 ರೂಪಾಯಿ. ಕಮಿಷನ್, ಕ್ಲೀನಿಂಗ್, ಲಾಂಡ್ರಿ, ಕರೆಂಟು ಎಲ್ಲ ಸೇರಿ 15,000 ಹೋಗಿ, ಕೈಗೆ 27,000 ಉಳಿಯುತ್ತದೆ. ಹಿಂದಿನ ರಸ್ತೆಯವರು ಪೂರ್ತಿ ಇಂಟೀರಿಯರ್ ಮಾಡಿಸಿ 4,200ಕ್ಕೆ ಹಾಕಿದ್ದಾರೆ. ನಮಗೂ ಒಬ್ಬ ಕಂಟ್ರಾಕ್ಟರ್ 8.5 ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. ಅದರಲ್ಲಿ ಫಾಲ್ಸ್ ಸೀಲಿಂಗ್, ವಾಲ್‌ಪೇಪರ್, ಎರಡು ಎಸಿ, ದೊಡ್ಡ ಟಿವಿ, ಬಾತ್‌ಟಬ್, ಕಪ್ಪು ಬಣ್ಣದ ನಲ್ಲಿಗಳು, ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಎಲ್ಲ ಸೇರಿದೆ. ಮಗ ಸಾಲ ಮಾಡೋಣ ಅನ್ನುತ್ತಾನೆ. ಯಜಮಾನರು ಎಫ್‌ಡಿ ಮುರಿಯೋಣ ಅನ್ನುತ್ತಾರೆ. ಬ್ರೋಕರ್ ಒಬ್ಬರು ‘ಸುಮ್ನೆ 28,000ಕ್ಕೆ ಬಾಡಿಗೆಗೆ ಕೊಟ್ಟುಬಿಡಿ’ ಅನ್ನುತ್ತಾರೆ. ನನಗೆ ಏನೂ ತೋಚುತ್ತಿಲ್ಲ. ಅತಿಥಿಗಳು ಬರೆದ ರಿವ್ಯೂಗಳನ್ನೂ ಕಳಿಸಿದ್ದೇನೆ.

ಉತ್ತರ: ಮೇಡಂ, ಲೆಕ್ಕ, ರಿವ್ಯೂ, ಕೊಟೇಶನ್ ಮೂರನ್ನೂ ಒಟ್ಟಿಗೆ ಕಳಿಸಿ ಒಳ್ಳೆಯದು ಮಾಡಿದಿರಿ. ಹೆಚ್ಚಿನವರು ಫೋಟೊ ಮಾತ್ರ ಕಳಿಸಿ ‘ಏನು ಮಾಡಿಸಲಿ’ ಅಂತ ಕೇಳುತ್ತಾರೆ. ಮೊದಲು ಹೋಟೆಲ್ ಫ್ರಂಟ್ ಆಫೀಸಿನಲ್ಲಿ, ಆಮೇಲೆ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಲ್ಲಿ ಇಂಥ ಮನೆಗಳನ್ನು ನಡೆಸಿಕೊಡುತ್ತಾ ಕಲಿತಿದ್ದನ್ನು ಇಟ್ಟುಕೊಂಡು ಹೇಳುತ್ತೇನೆ. ಈ ಕೊಟೇಶನ್‌ಗೆ ಸಹಿ ಹಾಕಬೇಡಿ. ಹಾಗಂತ ಏನೂ ಮಾಡದೆ ಕೂರುವುದೂ ಬೇಡ.

ನಿಮ್ಮ 41 ರಿವ್ಯೂಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಓದಿದೆ. ಶವರ್‌ನಲ್ಲಿ ನೀರು ಸಣ್ಣಗೆ ಬರುತ್ತದೆ, ಬಿಸಿನೀರು ಬೇಗ ಮುಗಿಯುತ್ತದೆ ಅಂತ ಒಂಬತ್ತು ಜನ ಬರೆದಿದ್ದಾರೆ. ಹಾಸಿಗೆ ನಡುವೆ ಕುಳಿ ಬಿದ್ದಿದೆ ಅಂದವರು ಆರು ಜನ. ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ ಅಂದವರು ಐದು. ಬೀದಿದೀಪದ ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂದವರು ಮೂರು. ಸೀಲಿಂಗ್ ಹಳೆಯದು, ಗೋಡೆ ಬೋಳು, ಟಿವಿ ಚಿಕ್ಕದು ಅಂತ ಒಬ್ಬರೂ ಬರೆದಿಲ್ಲ. ಇನ್ನೊಂದು ವಿಷಯ ನೀವು ಗಮನಿಸಿದಿರೋ ಇಲ್ಲವೋ. ಎಂಟು ಜನ ಆ ಕೆಂಪು ನೆಲವನ್ನು, ತೇಗದ ಮಂಚವನ್ನು ಹೊಗಳಿದ್ದಾರೆ.

ಅತಿಥಿಗಳು ಬೇಡಿದ್ದು ಯಾವುದೂ ಆ ಕೊಟೇಶನ್‌ನಲ್ಲಿಲ್ಲ. ಅವರು ಇಷ್ಟಪಟ್ಟ ನೆಲವನ್ನು ಮುಚ್ಚುವ ಕೆಲಸ ಮಾತ್ರ ಅದರಲ್ಲಿದೆ.

ಕಂಟ್ರಾಕ್ಟರ್ ಮೋಸ ಮಾಡುತ್ತಿದ್ದಾರೆ ಅಂತಲ್ಲ. ಹೊಸದಾಗಿ ಮದುವೆಯಾದವರಿಗೆ, ಗೃಹಪ್ರವೇಶ ಮಾಡುವವರಿಗೆ ಅವರು ದಿನಾ ಮಾಡಿಕೊಡುವ ಕೆಲಸ ಇದೇ. ಆದರೆ ವರ್ಷಗಟ್ಟಲೆ ನಾವೇ ಇರುವ ಮನೆಯ ಅಂದ ಬೇರೆ. ರಾತ್ರಿ ಹನ್ನೊಂದಕ್ಕೆ ಬಂದು, ಮಲಗಿ, ಬೆಳಗ್ಗೆ ಏಳಕ್ಕೆ ಸ್ನಾನ ಮುಗಿಸಿ ಹೊರಡುವವರ ಅನುಕೂಲ ಬೇರೆ.

ಹಿಂದಿನ ರಸ್ತೆಯ ಮನೆಯ 4,200ರ ವಿಚಾರಕ್ಕೆ ಬರೋಣ. ಆ್ಯಪ್‌ನಲ್ಲಿ ಕಾಣುವುದು ಅವರು ಕೇಳುವ ರೇಟು. ಎಷ್ಟು ರಾತ್ರಿ ಆ ರೇಟಿಗೆ ಹೋಯಿತು ಅನ್ನುವುದು ಅಲ್ಲಿ ಕಾಣುವುದಿಲ್ಲ. ಕ್ಯಾಲೆಂಡರ್ ತುಂಬಿದ ಹಾಗೆ ಕಂಡರೂ ನಂಬಬೇಡಿ. ಮನೆಗೆ ನೆಂಟರು ಬಂದಾಗ, ರಿಪೇರಿ ಇದ್ದಾಗ ಮಾಲೀಕರೇ ದಿನಗಳನ್ನು ಬ್ಲಾಕ್ ಮಾಡಿರುತ್ತಾರೆ. ಒಂದು ಉಪಾಯ ಹೇಳುತ್ತೇನೆ. ಆ ಮನೆಗೆ ತಿಂಗಳಿಗೆ ಎಷ್ಟು ಹೊಸ ರಿವ್ಯೂ ಬೀಳುತ್ತಿವೆ ನೋಡಿ. ನಿಮ್ಮ ಮನೆಯ ಸಂಖ್ಯೆಯ ಜೊತೆ ಹೋಲಿಸಿ. ಮಂಗಳವಾರ, ಬುಧವಾರದ ರಾತ್ರಿಗೆ ಅವರ ರೇಟು ಎಷ್ಟಕ್ಕೆ ಇಳಿಯುತ್ತದೆ ಅಂತಲೂ ಎರಡು ವಾರ ಬರೆದಿಡಿ. ವ್ಯಾಪಾರದ ನಿಜವಾದ ಸ್ಥಿತಿ ವಾರದ ನಡುವೆ ತಿಳಿಯುತ್ತದೆ. ಶನಿವಾರ ಎಲ್ಲರ ಮನೆಯೂ ತುಂಬುತ್ತದೆ.

ಹಾಗಾದರೆ ನಿಮ್ಮ ರಾತ್ರಿಗಳು ಯಾಕೆ ಕಮ್ಮಿಯಾದವು? ಎರಡು ಕಾರಣ ಕಾಣುತ್ತದೆ. ಒಂದು, ಇಂಥ ಮನೆಗಳು ಸುತ್ತಮುತ್ತ ಜಾಸ್ತಿಯಾಗಿವೆ. ಅದು ನಮ್ಮ ಕೈಲಿಲ್ಲ. ಇನ್ನೊಂದು, ಬಂದು ಹೋದವರು ಒಂದೇ ದೂರನ್ನು ಮತ್ತೆ ಮತ್ತೆ ಬರೆದಿದ್ದಾರೆ. ಹೊಸಬರು ಬುಕ್ ಮಾಡುವ ಮುಂಚೆ ಫೋಟೊ ನೋಡಿ ಒಳಗೆ ಬರುತ್ತಾರೆ, ರಿವ್ಯೂ ಓದಿ ಹಿಂದೆ ಸರಿಯುತ್ತಾರೆ. ‘ನೀರು ಬರಲ್ಲ’ ಅನ್ನುವ ಒಂದು ಸಾಲನ್ನು ಯಾವ ವಾಲ್‌ಪೇಪರೂ ಮುಚ್ಚಲಾರದು.

ಬರುವವರು ಯಾರು ಅನ್ನುವುದನ್ನೂ ನೋಡಿ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ನಿಮ್ಮ ಮನೆ ಜಯದೇವ ಹೃದ್ರೋಗ ಸಂಸ್ಥೆಗೆ ಹತ್ತಿರ. ನಿಮ್ಹಾನ್ಸ್, ಕಿದ್ವಾಯಿ ಕೂಡ ದೂರವಿಲ್ಲ. ರಿವ್ಯೂಗಳಲ್ಲಿ ಕೋಲ್ಕತ್ತಾ, ಗುವಾಹಟಿ, ಕಲಬುರಗಿ ಕಡೆಯ ಕುಟುಂಬಗಳೇ ಜಾಸ್ತಿ. ತಂದೆಗೆ ತೋರಿಸೋಕೆ, ತಾಯಿಗೆ ಆಪರೇಷನ್ ಮಾಡಿಸೋಕೆ ಬಂದವರು. ಮಿಕ್ಕವರಲ್ಲಿ ಮದುವೆಗೆ ಬಂದ ನೆಂಟರು, ಆಫೀಸ್ ಕೆಲಸಕ್ಕೆ ಬಂದವರು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗದ ಉದ್ಘಾಟನೆಯಾಯಿತಲ್ಲ, ಅದರಲ್ಲಿ ಜಯದೇವ ಹತ್ತಿರವೇ ನಿಲ್ದಾಣವಿದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರೂ ಈಗ ನಿಮ್ಮಲ್ಲಿ ಉಳಿಯಬಹುದು. ನಿಮ್ಮ ಲಿಸ್ಟಿಂಗ್‌ನಲ್ಲಿ ಮೆಟ್ರೊ ಬಗ್ಗೆ ಒಂದು ಪದವೂ ಇಲ್ಲ. ಅದನ್ನು ಸೇರಿಸಲು ಒಂದು ರೂಪಾಯಿಯೂ ಬೇಡ.

ಆಸ್ಪತ್ರೆಗೆ ಬಂದ ಕುಟುಂಬಕ್ಕೆ ಬಾತ್‌ಟಬ್ ಯಾಕೆ? ಎದೆಯ ಆಪರೇಷನ್ ಆದವರು ಅದರೊಳಗೆ ಕಾಲಿಡುವುದೇ ಅಪಾಯ. ಅವರಿಗೆ ಬೇಕಾಗಿರುವುದು ಕಮೋಡ್ ಪಕ್ಕ ಹಿಡಿದುಕೊಳ್ಳಲು ಒಂದು ಗಟ್ಟಿ ಹ್ಯಾಂಡಲ್, ಜಾರದ ಮ್ಯಾಟ್, ಒಂದು ಪ್ಲಾಸ್ಟಿಕ್ ಸ್ಟೂಲ್, ದೊಡ್ಡ ಬಕೆಟ್, ಮಗ್. ಗಂಜಿ ಕಾಯಿಸಲು ಒಲೆ, ಕುಕ್ಕರ್. ಒಮ್ಮೆ ಒಬ್ಬ ಮಾಲೀಕರು ಬಾತ್‌ರೂಮಿಗೆ ಮೂರು ಲಕ್ಷ ಹಾಕಿದ್ದರು. ನಾನು ನೋಡಲು ಹೋದೆ. ಗಾಜಿನ ಪಾರ್ಟಿಷನ್, ಛಾವಣಿಯಿಂದ ಮಳೆಯ ಹಾಗೆ ಸುರಿಯುವ ಶವರ್. ‘ಚೆನ್ನಾಗಿ ಕಾಣಲ್ಲ’ ಅಂತ ಡಿಸೈನರ್ ಬಕೆಟ್ ತೆಗೆಸಿದ್ದರು. ಒಬ್ಬ ಅತಿಥಿ ಅಡುಗೆಮನೆಯ ಪಾತ್ರೆಯಲ್ಲಿ ನೀರು ಹಿಡಿದು ತಮ್ಮ ತಾಯಿಗೆ ಸ್ನಾನ ಮಾಡಿಸಿದ್ದರಂತೆ. ಹಾಗಂತ ರಿವ್ಯೂನಲ್ಲೇ ಬರೆದಿದ್ದರು. ಓದಿ ನನಗೆ ಸಂಕಟವಾಯಿತು. ಇನ್ನೂರೈವತ್ತು ರೂಪಾಯಿಯ ಬಕೆಟ್ ಅದು.

ನೀರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಒಂದು ಬಾತ್‌ಟಬ್ ತುಂಬಲು 150–200 ಲೀಟರ್ ಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಸಾಲು ನಿಂತಿದ್ದು ನೆನಪಿದೆ ಅಲ್ವಾ? ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆದರೂ ನಿಮ್ಮ ಮೇಲಿನ ಟ್ಯಾಂಕ್‌ಗೆ ಬೋರ್ ನೀರೂ ಸೇರುತ್ತದೆ ಅಂತ ಬರೆದಿದ್ದೀರಿ. ಗಡಸು ನೀರು ಬಿದ್ದರೆ ಕಪ್ಪು ನಲ್ಲಿಗಳ ಮೇಲೆ ಕೆಲವೇ ತಿಂಗಳಲ್ಲಿ ಬಿಳಿ ಕಲೆ ಕೂರುತ್ತದೆ. ಉಜ್ಜಿದರೆ ಬಣ್ಣ ಹೋಗುತ್ತದೆ. ಗಾಜಿನ ಪಾರ್ಟಿಷನ್‌ದೂ ಅದೇ ಕಥೆ. ಸಾದಾ ಕ್ರೋಮ್ ನಲ್ಲಿ ಸಾಕು. ನಿಮ್ಮ ಶವರ್ ಸಣ್ಣಗೆ ಬರಲು ಮುಖ್ಯ ಕಾರಣ, ಟ್ಯಾಂಕ್ ಮತ್ತು ಶವರ್ ನಡುವಿನ ಎತ್ತರ ಕಮ್ಮಿ ಇರುವುದು. ಮೇಲಿನ ಮಹಡಿಗಳಲ್ಲಿ ಇದು ಸಾಮಾನ್ಯ. ಶವರ್ ರಂಧ್ರಗಳಲ್ಲಿ ಸುಣ್ಣ ಕಟ್ಟಿರುವುದೂ ಇರಬಹುದು. ಮೊದಲು ಶವರ್ ತಲೆಯನ್ನು ಬಿಚ್ಚಿ ರಾತ್ರಿಯಿಡೀ ವಿನಿಗರ್‌ನಲ್ಲಿ ನೆನೆಹಾಕಿ. ಆಗಲೂ ಸರಿ ಹೋಗದಿದ್ದರೆ ಚಿಕ್ಕ ಪ್ರೆಶರ್ ಪಂಪ್ ಹಾಕಿಸಿ. ಗೀಸರ್ 10 ಲೀಟರಿನದು ಅಂದಿರಿ. ನಾಲ್ಕು ಜನಕ್ಕೆ ಅದು ಸಾಲದು. 25 ಲೀಟರಿನದು ಬೇಕು.

ಎಸಿ ವಿಷಯದಲ್ಲಿ ನನಗೂ ಎರಡು ಮನಸ್ಸಿದೆ. ವರ್ಷದ ಬಹುಪಾಲು ಬೆಂಗಳೂರಿಗೆ ಎಸಿ ಬೇಡ. ಆದರೆ ಏಪ್ರಿಲ್, ಮೇ ಬೇರೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ನಿಮ್ಮ ಮನೆಯ ಮೇಲೆ ನೇರ ಟೆರೇಸ್ ಇರುವುದರಿಂದ ಹಗಲಿಡೀ ಕಾದ ಕಾಂಕ್ರೀಟ್ ರಾತ್ರಿ ಕೋಣೆಯೊಳಗೆ ಶಾಖ ಬಿಡುತ್ತದೆ. ಎಸಿ ಇಲ್ಲದ ಮನೆಯನ್ನು ಕೆಲವರು ನೋಡುವುದೂ ಇಲ್ಲ. ಹಾಗಾಗಿ ಮೊದಲು ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ನೋಡಿಸಿ, ಬಿಸಿಲು ತಡೆಯುವ ಬಿಳಿ ಪೇಂಟ್ ಹೊಡೆಸಿ. ಮುಂದಿನ ಬೇಸಿಗೆಗೆ ದೊಡ್ಡ ಕೋಣೆಗೆ ಒಂದು ಎಸಿ ಹಾಕಿಸಿ ನೋಡಿ. ಎರಡನೆಯದನ್ನು ಆಮೇಲೆ ಯೋಚಿಸೋಣ. ವಾಟರ್‌ಪ್ರೂಫಿಂಗ್ ಮಾಡಿಸದೆ ಫಾಲ್ಸ್ ಸೀಲಿಂಗ್ ಮಾತ್ರ ಯಾವತ್ತೂ ಬೇಡ. ಮಳೆಗಾಲದಲ್ಲಿ ಎಲ್ಲಿ ಸೋರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಜಿಪ್ಸಮ್ ಉಬ್ಬಿ ಕಲೆ ಬಿದ್ದ ಮೇಲೆಯೇ ತಿಳಿಯುವುದು.

ಈಗ ಹಣದ ಲೆಕ್ಕ. 8.5 ಲಕ್ಷ ಹಾಕಿದರೆ ರೇಟು 3,400ಕ್ಕೆ ಏರಿ, 18 ರಾತ್ರಿ ಬುಕ್ ಆಗುತ್ತದೆ ಅಂತ ಒಳ್ಳೆಯದನ್ನೇ ಅಂದುಕೊಳ್ಳೋಣ. ಆಗ 61,200 ಬರುತ್ತದೆ. ಈಗಿನ 42,000ಕ್ಕಿಂತ 19,200 ಜಾಸ್ತಿ. ಅದರಲ್ಲಿ ಹೆಚ್ಚಿನ ಕಮಿಷನ್, ಲಾಂಡ್ರಿ, ಎಸಿ ಕರೆಂಟು ಅಂತ ಸುಮಾರು 5,200 ಹೋಗುತ್ತದೆ. ಕೈಗೆ ಹೊಸದಾಗಿ ಸಿಗುವುದು 14,000. 8.5 ಲಕ್ಷ ವಾಪಸ್ ಬರಲು ಐದು ವರ್ಷ ಬೇಕು. ಅಷ್ಟರಲ್ಲಿ ವಾಲ್‌ಪೇಪರ್ ಕಿತ್ತಿರುತ್ತದೆ, ಸೋಫಾ ಬಟ್ಟೆ ಮಾಸಿರುತ್ತದೆ. ದಿನದ ಬಾಡಿಗೆ ಮನೆಯಲ್ಲಿ ಸಾಮಾನುಗಳು ಸ್ವಂತ ಮನೆಗಿಂತ ಬಹಳ ಬೇಗ ಸವೆಯುತ್ತವೆ. ಮೂರು ವರ್ಷದೊಳಗೆ ಹಾಕಿದ ಹಣ ವಾಪಸ್ ಬರದ ಕೆಲಸಕ್ಕೆ ನಾನು ಯಾರಿಗೂ ಹೂಂ ಅನ್ನುವುದಿಲ್ಲ.

ಸಾಲ ಮಾಡಿದರೆ ಲೆಕ್ಕ ಇನ್ನೂ ಕೆಡುತ್ತದೆ. 12% ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 18,900. ಹೆಚ್ಚುವರಿ ಬರುವ 14,000ದಲ್ಲಿ ಕಂತೇ ತೀರುವುದಿಲ್ಲ. ಉಳಿದದ್ದು ಪೆನ್ಶನ್‌ನಿಂದ ಹೋಗಬೇಕು. ನಿಮ್ಮ ಮಗನ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಸಾಲ ಮಾಡಿ ಮನೆ ಸಿಂಗರಿಸಿದವರ ಫೋನುಗಳನ್ನು ನಾನು ಎತ್ತಿದ್ದೇನೆ. ಬುಕಿಂಗ್ ಪೂರ್ತಿ ನಿಂತುಹೋಗಿತ್ತು, ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಎಫ್‌ಡಿ ಮುರಿದರೂ ಖರ್ಚಿಲ್ಲ ಅಂತಲ್ಲ. 7% ಬಡ್ಡಿ ಅಂದರೆ ತಿಂಗಳಿಗೆ ಸುಮಾರು 5,000 ಬಿಟ್ಟುಕೊಟ್ಟ ಹಾಗೆ. ಅವಧಿಗೆ ಮುಂಚೆ ತೆಗೆದರೆ ದಂಡ ಬೇರೆ.

ನಾನು ಮಾಡುವುದಾದರೆ ಹೀಗೆ ಮಾಡುತ್ತೇನೆ. ಎರಡು ಒಳ್ಳೆಯ ಹಾಸಿಗೆಗೆ 36,000. ಪಂಪ್, ಗೀಸರ್ ಸೇರಿ 27,000. ಫ್ಯಾನು, ಲೈಟು, ವೈಫೈಗೆ ಸಾಕಾಗುವ ಯುಪಿಎಸ್, ಬ್ಯಾಟರಿಗೆ 28,000. ಬೆಳಕು ಬಾರದ ದಪ್ಪ ಪರದೆಗಳಿಗೆ 14,000. ಆಫೀಸ್ ಕೆಲಸದವರಿಗೆ ಮೇಜು, ಬೆನ್ನಿಗೆ ಆಸರೆ ಕೊಡುವ ಕುರ್ಚಿಗೆ 12,000. ಬೆಡ್‌ಶೀಟ್, ಟವೆಲ್ ಮೂರು ಮೂರು ಜೊತೆಗೆ 15,000. ಕೊನೆಗೆ ಒಬ್ಬ ಫೋಟೊಗ್ರಾಫರ್‌ಗೆ 6,000. ಒಟ್ಟು 1,38,000. ಟೆರೇಸ್ ಕೆಲಸವನ್ನು ಇದರಲ್ಲಿ ಸೇರಿಸಿಲ್ಲ. ಅದು ಮನೆಯ ಆರೋಗ್ಯದ ಖರ್ಚು, ಬಾಡಿಗೆಗೆ ಕೊಟ್ಟರೂ ಕೊಡದಿದ್ದರೂ ಮಾಡಿಸಲೇಬೇಕು.

ಇದರಿಂದ ರೇಟು 3,000ಕ್ಕೆ ಏರಿ 18 ರಾತ್ರಿ ಸಿಕ್ಕರೆ 54,000 ಆಗುತ್ತದೆ. ಹೆಚ್ಚಿನ ಖರ್ಚು 4,000 ಕಳೆದರೆ ತಿಂಗಳಿಗೆ 8,000 ಹೊಸದಾಗಿ ಉಳಿಯುತ್ತದೆ. ಒಂದೂವರೆ ವರ್ಷದೊಳಗೆ ಹಣ ವಾಪಸ್. ಅಂದುಕೊಂಡ ಹಾಗೆ ಆಗಲಿಲ್ಲ ಅನ್ನಿ. ರೇಟು ಏರದೆ ಎರಡೇ ರಾತ್ರಿ ಜಾಸ್ತಿಯಾದರೂ ತಿಂಗಳಿಗೆ ಮೂರೂವರೆ ಸಾವಿರ ಸಿಗುತ್ತದೆ, ಮೂರು ವರ್ಷದ ಮೇಲೆ ಸ್ವಲ್ಪ ಹಿಡಿಯುತ್ತದೆ. ತಪ್ಪಿದರೂ ತಡೆದುಕೊಳ್ಳಬಹುದಾದ ತಪ್ಪು ಅದು. ಎಲ್ಲವನ್ನೂ ಒಂದೇ ಸಲ ತರಬೇಡಿ. ಈ ತಿಂಗಳು ನೀರು, ಹಾಸಿಗೆ. ಎರಡು ತಿಂಗಳು ಬಿಟ್ಟು ಯುಪಿಎಸ್, ಪರದೆ. ಫೋಟೊ ಕಡೆಯಲ್ಲಿ.

ಬ್ರೋಕರ್ ಮಾತನ್ನೂ ತಳ್ಳಿಹಾಕಬೇಡಿ. ಇವತ್ತಿನ ನಿಮ್ಮ 27,000, ಸಾದಾ ಬಾಡಿಗೆಯ 28,000 ಹೆಚ್ಚುಕಮ್ಮಿ ಒಂದೇ. ದಿನದ ಬಾಡಿಗೆಯಲ್ಲಿ ನಿಮ್ಮ ದುಡಿಮೆ ಬೇರೆ ಇದೆ. ರಾತ್ರಿ ಒಂದಕ್ಕೆ ಎದ್ದು ಬೀಗ ತೆಗೆಯುವುದು, ಕೆಲಸದವರು ಬಾರದ ದಿನ ನೀವೇ ಗುಡಿಸುವುದು. ಅದಕ್ಕೆ ಬೆಲೆ ಇಲ್ಲವೇ? ಹನ್ನೊಂದು ತಿಂಗಳ ಅಗ್ರಿಮೆಂಟ್‌ನಲ್ಲಿ ಅಡ್ವಾನ್ಸ್ ಸಿಗುತ್ತದೆ, ನೆಮ್ಮದಿಯೂ ಇದೆ. ಆದರೆ ಮಗಳೋ ತಮ್ಮನೋ ಊರಿಂದ ಬಂದಾಗ ಮೇಲಿನ ಮನೆ ನಿಮ್ಮ ಕೈಲಿರುವುದಿಲ್ಲ. ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಚಿಕಿತ್ಸೆಗೆ ಬರುವ ಕುಟುಂಬಗಳಿಗೆ ಎರಡು ವಾರ, ಒಂದು ತಿಂಗಳ ಲೆಕ್ಕದಲ್ಲಿ ಕೊಡುವುದು. ರಾತ್ರಿಯ ರೇಟು ಕಮ್ಮಿಯಾದರೂ ಲಾಂಡ್ರಿ, ಕ್ಲೀನಿಂಗ್, ಖಾಲಿ ದಿನ ಎಲ್ಲ ಕಮ್ಮಿಯಾಗುತ್ತವೆ. ನಿಮ್ಮ ಜಾಗಕ್ಕೆ ಇದು ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಆದರೆ ಎರಡು ವಿಷಯ ತಿಳಿದಿರಿ. ಆ ಜನ ಆತಂಕದಲ್ಲಿರುತ್ತಾರೆ. ಡಿಸ್ಚಾರ್ಜ್ ತಡವಾದರೆ ಹೇಳಿದ ದಿನ ಹೊರಡಲಾಗುವುದಿಲ್ಲ. ಮುಂದಿನ ಬುಕಿಂಗ್‌ಗೆ ಎರಡು ದಿನ ಬಿಡುವು ಇಟ್ಟುಕೊಳ್ಳಿ.

ತೆರಿಗೆ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ‘ರಿನೋವೇಶನ್‌ಗೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುತ್ತೆ’ ಅಂತ ಕಂಟ್ರಾಕ್ಟರ್ ಹೇಳಿದರು ಅಂದಿರಿ. ಬರುವುದಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ 12% ಇದ್ದ ಜಿಎಸ್‌ಟಿ 5% ಆಗಿದೆ. ಜೊತೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ನಾವು ಕೊಡಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳುವ ಸೌಲಭ್ಯ, ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದ ನಿಮ್ಮಂಥವರು ನೋಂದಣಿಯನ್ನೇ ಮಾಡಿಸಿರುವುದಿಲ್ಲ. ಅಂಥ ಬುಕಿಂಗ್‌ಗಳ ಜಿಎಸ್‌ಟಿಯನ್ನು ಆ್ಯಪ್‌ನವರೇ ಕಟ್ಟುತ್ತಾರೆ. ಆದಾಯ ತೆರಿಗೆಯಲ್ಲಿ ಇದನ್ನು ವ್ಯಾಪಾರದ ಆದಾಯವಾಗಿ ತೋರಿಸಿದರೆ ಪೀಠೋಪಕರಣಕ್ಕೆ ವರ್ಷಕ್ಕೆ 10%, ಎಸಿಯಂಥ ಯಂತ್ರಕ್ಕೆ 15% ಸವಕಳಿ ಕಳೆಯಬಹುದು. ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ. ಲೆಕ್ಕಪರಿಶೋಧಕರ ಹತ್ತಿರ ಒಮ್ಮೆ ಕೂತು ಮಾತಾಡಿ.

ಮೇಲಿನ ಮೀಟರ್‌ಗೆ ಗೃಹಜ್ಯೋತಿ ಬರುತ್ತಿದೆ ಅಂತ ಬರೆದಿದ್ದೀರಿ. ಅದು ಮನೆ ಬಳಕೆಗೆ ಮಾತ್ರ ಇರುವ ಯೋಜನೆ. ದಿನದ ಬಾಡಿಗೆ ನಡೆಸುವಾಗ ಬೆಸ್ಕಾಂ ಕಚೇರಿಗೆ ಹೋಗಿ ಸಂಪರ್ಕ ಯಾವ ವರ್ಗಕ್ಕೆ ಬರಬೇಕು ಅಂತ ಕೇಳಿ ಸರಿಪಡಿಸಿಕೊಳ್ಳಿ. ಆಸ್ತಿ ತೆರಿಗೆ ವಿಚಾರದಲ್ಲೂ ಪಾಲಿಕೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಇದರಿಂದ ಖರ್ಚು ಸ್ವಲ್ಪ ಏರಬಹುದು, ಅದನ್ನು ಲೆಕ್ಕಕ್ಕೆ ಸೇರಿಸಿಯೇ ರೇಟು ಹಾಕಿ. ವಿದೇಶದ ಅತಿಥಿ ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಆನ್‌ಲೈನ್‌ನಲ್ಲಿ ವಿವರ ಕೊಡಬೇಕು. ಬಾಂಗ್ಲಾದೇಶದಿಂದ ಚಿಕಿತ್ಸೆಗೆ ಬಂದವರಿಗೂ ಇದು ಅನ್ವಯ. ನೋಡಲು ಬಂಗಾಳದವರ ಹಾಗೇ ಇದ್ದರು ಅಂತ ಬಿಡುವ ಹಾಗಿಲ್ಲ, ಪಾಸ್‌ಪೋರ್ಟ್ ನೋಡಲೇಬೇಕು.

ಏನನ್ನಾದರೂ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಬಾರಿ ಮೇಲಿನ ಮನೆ ಖಾಲಿ ಇದ್ದಾಗ ನೀವಿಬ್ಬರೂ ಒಂದು ರಾತ್ರಿ ಅಲ್ಲೇ ಮಲಗಿ. ಅತಿಥಿಗಳ ಹಾಗೆ ಒಂದು ಬ್ಯಾಗ್ ಮಾತ್ರ ತೆಗೆದುಕೊಂಡು ಹೋಗಿ. ಫೋನ್ ಚಾರ್ಜರ್ ಮಂಚದ ಪಕ್ಕ ತಲುಪುತ್ತದಾ ನೋಡಿ. ಕತ್ತಲಲ್ಲಿ ಬಾತ್‌ರೂಮ್ ಸ್ವಿಚ್ ಕೈಗೆ ಸಿಗುತ್ತದಾ ನೋಡಿ. ಒಬ್ಬರ ಸ್ನಾನ ಆದ ಮೇಲೆ ಇನ್ನೊಬ್ಬರಿಗೆ ಬಿಸಿನೀರು ಉಳಿದಿರುತ್ತದಾ ನೋಡಿ. ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ. ಬೆಳಗ್ಗೆ ಅದರಲ್ಲಿ ಬರೆದಿದ್ದೇ ನಿಮ್ಮ ಕೊಟೇಶನ್.

ಕಾಗದದ ಕೊನೆಯಲ್ಲಿ ಸಣ್ಣದಾಗಿ ಕೇಳಿದ್ದೀರಿ, ‘ಅತ್ತೆಯವರ ಕಾಲದ ಮಂಚ, ಕೆಂಪು ನೆಲ ತೆಗೆಸದಿದ್ದರೆ ನಡೆಯುತ್ತಾ’ ಅಂತ. ಖಂಡಿತ ತೆಗೆಸಬೇಡಿ. ಟೈಲ್ಸ್ ಹಾಕಿದ ಮನೆಗಳು ಆ್ಯಪ್ ತೆರೆದರೆ ಪುಟಗಟ್ಟಲೆ ಸಿಗುತ್ತವೆ. ರೆಡ್ ಆಕ್ಸೈಡ್ ನೆಲವನ್ನು ನೀಟಾಗಿ ಮಾಡಬಲ್ಲ ಮೇಸ್ತ್ರಿಗಳೇ ಈಗ ಅಪರೂಪ. ನೀವು ಕಳಿಸಿದ ಫೋಟೊದಲ್ಲಿ ಕಿಟಕಿಯ ಬಿಸಿಲು ಆ ನೆಲದ ಮೇಲೆ ಬಿದ್ದಿದೆ, ಕಂಬಿಗಳ ನೆರಳು ಉದ್ದಕ್ಕೆ ಮಂಚದ ಕಾಲಿನವರೆಗೆ ಬಂದಿದೆ. ಲಿಸ್ಟಿಂಗ್‌ಗೆ ಮೊದಲ ಫೋಟೊ ಅದೇ ಆಗಲಿ. ಮಾಸಿದ ಕಡೆ ಚೆನ್ನಾಗಿ ಒರೆಸಿ, ಒಣಗಿದ ಮೇಲೆ ನೆಲಕ್ಕೆ ಹಚ್ಚುವ ವ್ಯಾಕ್ಸ್ ಪಾಲಿಷ್ ತೆಳ್ಳಗೆ ಹಚ್ಚಿ ಬಟ್ಟೆಯಿಂದ ಉಜ್ಜಿಸಿ. ಎಣ್ಣೆ ಹಚ್ಚಬೇಡಿ, ವಯಸ್ಸಾದವರು ಜಾರುತ್ತಾರೆ. ಮಂಚಕ್ಕೆ ಹೊಸ ಹಾಸಿಗೆ ಕೊಳ್ಳುವಾಗ ಅಳತೆ ತೆಗೆದುಕೊಂಡು ಹೋಗಿ. ಹಳೇ ಮಂಚಗಳು ಅಂಗಡಿಯ ಸಿದ್ಧ ಅಳತೆಗೆ ಕೂರುವುದಿಲ್ಲ, ಮಾಡಿಸಿಕೊಳ್ಳಬೇಕಾಗುತ್ತದೆ. ಒಂದು ವಾರ ಹಿಡಿಯುತ್ತದೆ, ಅಷ್ಟು ದಿನ ಆ ಕೋಣೆಯ ಬುಕಿಂಗ್ ನಿಲ್ಲಿಸಿ.